ನರ್ಸಮ್ಮ ಹೇಳದೆ ಬಿಟ್ಟ ಮಾತು

ನರ್ಸಮ್ಮನ ಉಗುರುಗಳು ಬೆರಳಿಗೆ ಅಂಟಿಕೊಂಡಂತೆ ಮೊಟಕಾಗಿದ್ದವು. ಕೈಗೆ ಸದಾ ಫಿನಾಯಿಲ್ ವಾಸನೆ. ಬಸುರಿಯನ್ನು ಮುಟ್ಟುವ ಮೊದಲು ಅಂಗೈಗಳನ್ನು ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಅವರು ಕಾಲಿಡದ ಮನೆಯಿರಲಿಲ್ಲ. ಅವರ ನಡಿಗೆಯೆಂದರೆ ಓಟವೇ. ನನ್ನ ಮೊದಲ ಮಗುವಿನ ಹೆರಿಗೆ ಮಾಡಿಸಿದವರೂ ಅವರೇ.

ಯುದ್ಧದ ಕಾಲ. ನಮ್ಮ ಸಾಲಿನ ಹೆಂಗಸರು ನಾಟಕ ಆಡಬೇಕೆಂದು ಹೊರಟಾಗ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಾವನವರಿಗೆ ಹಿಡಿಸಲಿಲ್ಲ. "ಇದೊಂದ್ಸಲ ಆಡ್ಕೊಳ್ಳಿ. ಜನ ನಕ್ಕರೆ ಅಲ್ಲಿಗೆ ನಿನ್ನ ಬರವಣಿಗೆ ಮುಗೀತು" ಎಂದರು.

ಬರೆದೆ. ತುಂಬಿದ ಮನೆಗೆ ಗುರುತಿಲ್ಲದ ಹೆಂಗಸೊಬ್ಬಳು ಬಂದು ನೀರು ಕೇಳುತ್ತಾಳೆ, ಅಲ್ಲೇ ಉಳಿಯುತ್ತಾಳೆ. ಸತ್ತುಹೋದಳೆಂದು ಆ ಮನೆಯ ಸೊಸೆ ತಿಳಿದಿದ್ದ ಅವಳ ಹೆತ್ತ ತಾಯಿಯೇ ಈ ಹೆಂಗಸೆಂಬುದು ಕೊನೆಯಲ್ಲಿ ಇವಳಾಡುವ ಎರಡು ಪುಟದ ಮಾತಿನಿಂದ ಬಯಲಾಗಬೇಕು. ಆ ಪಾತ್ರ ನರ್ಸಮ್ಮನಿಗೆ.

ಓದಿ ಮುಗಿಸಿ ಅವರು ಕೇಳಿದ್ದು ಒಂದೇ. "ಇವಳು ಇಷ್ಟು ವರ್ಷ ಎಲ್ಲಿದ್ಲು? ಏನು ತಿಂದ್ಲು?"

"ಅದು ನಾಟಕದಲ್ಲಿ ಬರೋದಿಲ್ಲವಲ್ಲ."

"ಬರದಿದ್ರೆ ಬೇಡ ಮಾರಾಯ್ತಿ. ಬಾಗಿಲಲ್ಲಿ ನಿಲ್ಲೋಳು ನಾನು. ನಂಗೆ ಗೊತ್ತಿರ್ಬೇಕು."

ಅಲ್ಲಿಂದ ಒಂದು ತಿಂಗಳು ಅವರ ತಲೆಯಲ್ಲಿ ಅದೇ. ತಾಲೀಮಿನಲ್ಲಿ ನಾನು ಕಣ್ಣು ಕಿರಿದು ಮಾಡಿ, ದನಿ ಇಳಿಸಿ ತೋರಿಸಿದರೆ ಹಾಗಲ್ಲವೆಂದು ತಲೆಯಾಡಿಸುತ್ತಿದ್ದರು. "ಗುಟ್ಟಿರೋರು ಹಾಗೆಲ್ಲ ಕಾಣಲ್ಲ. ಎಷ್ಟು ಮನೇಲಿ ನೋಡಿದೀನಿ. ಎಲ್ಲರಿಗಿಂತ ಸಾಧಾರಣವಾಗಿರ್ತಾರೆ. ಯಾರಾದ್ರೂ ಒಂದು ಪ್ರಶ್ನೆ ಕೇಳಿದ್ರೆ, ಉತ್ತರ ಕೊಡೋ ಮುಂಚೆ ಒಂದು ಉಸಿರು ತಡ, ಅಷ್ಟೇ."

ಒಂದು ದಿನ ನನ್ನನ್ನು ರೈಲಿನಲ್ಲಿ ಶಿವಮೊಗ್ಗಕ್ಕೆ ಕರೆದುಕೊಂಡು ಹೋದರು. ಗಾಂಧಿ ಬಜಾರಿನ ಬಟ್ಟೆ ಅಂಗಡಿಯೊಂದರ ಯಜಮಾನರ ಮೂರು ಮಕ್ಕಳ ಹೆರಿಗೆ ಮಾಡಿಸಿದವರು ಅವರು. ಅಂಗಡಿ ಹತ್ತುವಾಗ ಸೆರಗು ಹೊದ್ದು, ನಡಿಗೆಯನ್ನು ನಿಧಾನ ಮಾಡಿದರು. ವೇಷವೆಂದರೆ ಅಷ್ಟೇ.

"ಯಾವೂರಾಯ್ತಮ್ಮ?" ಯಜಮಾನರು ಕೇಳಿದರು.

ನರ್ಸಮ್ಮ ಒಂದು ಉಸಿರು ತಡೆದು, "ದೂರ" ಎಂದರು.

ಯಜಮಾನರು ಮುಂದೆ ಏನೂ ಕೇಳಲಿಲ್ಲ. ಸ್ಟೂಲು ಎಳೆದು ಕೂರಿಸಿ, ನೀರು ತರಿಸಿಕೊಟ್ಟರು. ಕೊನೆಯವರೆಗೂ ಅವರಿಗೆ ನರ್ಸಮ್ಮನ ಗುರುತು ಸಿಗಲಿಲ್ಲ. ಬೀದಿಗಿಳಿದ ಮೇಲೆ ನರ್ಸಮ್ಮ ನನ್ನ ತೋಳು ಚಿವುಟಿ, "ಇವಳು ಸಿಕ್ಕಿದ್ಲು ಕಣೇ" ಎಂದರು.

ನಾಟಕ ಒಂದು ಭಾನುವಾರ ಮಧ್ಯಾಹ್ನ, ಕ್ವಾರ್ಟರ್ಸಿನ ತಗಡಿನ ಶೆಡ್ಡಿನಲ್ಲಿ. ಹಿಂದಿನ ಬೆಂಚುಗಳ ತುಂಬ ನಗಲೆಂದೇ ಬಂದ ಗಂಡಸರು. ನಡುವೆ ಮಾವನವರು. ನರ್ಸಮ್ಮ ಬಂದು ಬಾಗಿಲಲ್ಲಿ ನಿಂತದ್ದೇ ತಡ, ಯಾರೋ "ನರ್ಸಮ್ಮಾ, ಯಾರ ಮನೇಲಿ ನೋವು?" ಎಂದು ಕೂಗಿದರು. ಶೆಡ್ಡೆಲ್ಲ ನಗು. ಮರೆತವರಿಗೆ ಮಾತು ಎತ್ತಿಕೊಡಲು ನಾನು ಪರದೆಯ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತಿದ್ದೆ.

ನರ್ಸಮ್ಮ ಅಲ್ಲಾಡಲಿಲ್ಲ. ನಗು ತಾನಾಗಿ ಸೋತು ನಿಲ್ಲುವವರೆಗೆ ನಾಟಕದ ಮನೆಯವರನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಆಮೇಲೆ ನೀರು ಕೇಳಿದರು. ಹಲವು ದಿನ ನಡೆದು ಬಂದವಳು ಕುಡಿಯುವಂತೆ, ಒಂದು ತೊಟ್ಟೂ ಚೆಲ್ಲದೆ ಕುಡಿದರು. ಮತ್ತೆ ಯಾರೂ ನಗಲಿಲ್ಲ.

ಕೊನೆಯ ದೃಶ್ಯ ಬಂತು. ಎರಡು ಪುಟದ ಆ ಮಾತು. ನರ್ಸಮ್ಮ ಸುಮ್ಮನೆ ನಿಂತರು. ಮರೆತರೆಂದು ನಾನು ಮೊದಲ ಸಾಲು ಪಿಸುಗುಟ್ಟಿದೆ, ಮತ್ತೆ ಪಿಸುಗುಟ್ಟಿದೆ. ಅವರು ಸೊಸೆಯ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಮೆಟ್ಟಿಲಿಳಿದು, ಜನರ ನಡುವೆಯೇ ನಡೆದು ಹೊರಟುಹೋದರು. ಗಂಡಸರು ಕಾಲು ಮಡಚಿ ದಾರಿ ಬಿಟ್ಟರು. ಆಮೇಲೆ ಎದ್ದ ಚಪ್ಪಾಳೆಗೆ ತಗಡು ಅದುರಿತು.

ಏಕೆ ಹೇಳಲಿಲ್ಲವೆಂದು ಕೇಳಿದೆ. "ಹೇಳೋಕೇ ಹೊರಟಿದ್ದೆ. ಅವಳು ಬೇಡ ಅಂದ್ಲು" ಎಂದರು.

ಮನೆಯಲ್ಲಿ ಮಾವನವರು ನನ್ನನ್ನು ಕರೆದರು. "ಅವಳು ಆ ಹುಡುಗಿ ತಾಯಿ, ಅಲ್ವೇನಮ್ಮ?" ಎಂದರು. ಹೌದೆಂದೆ. "ಮುಂದಿನ ನಾಟಕ ಯಾವಾಗ?"

ನರ್ಸಮ್ಮ ತೀರಿಕೊಂಡು ವರ್ಷಗಳಾದವು. ನಾನಿನ್ನೂ ಬರೆಯುತ್ತಿದ್ದೇನೆ. ನನ್ನ ಪಾತ್ರ ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದಾಗಲೆಲ್ಲ, ಅದಕ್ಕೆ ಇಷ್ಟವಿದೆಯೇ ಎಂದು ಮೊದಲು ಕೇಳಿಕೊಳ್ಳುತ್ತೇನೆ.