ವಿಚಾರಣೆಯ ದಿನ ನಾನಾಡಿದ ಮಾತು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಕೆಂಗೇರಿ ಹತ್ತಿರದ ಗಾರ್ಮೆಂಟ್ಸ್‌ನಲ್ಲಿ ಕಟಿಂಗ್ ಮಾಸ್ಟರ್ ಆಗುವ ಹೊತ್ತಿಗೆ, ಹಾಸಿದ ನೂರು ಪದರ ಬಟ್ಟೆಯನ್ನು ಒಂದೆಳೆ ಆಚೀಚೆಯಾಗದಂತೆ ಕತ್ತರಿಸುತ್ತಿದ್ದೆ. ಯಾರ ಮುಂದೆಯೂ ಕೈ ಚಾಚಿದವನಲ್ಲ ಎಂಬ ಜಂಬ ನನಗೆ.

ನಾವು ಹೊಲಿಯುತ್ತಿದ್ದುದು ಹೊರದೇಶದ ಕಂಪನಿಗೆ. ಅವರು ಅಲ್ಲಿ ಶರ್ಟಿನ ರೇಟು ಇಳಿಸಿದಾಗಲೆಲ್ಲ, ಇಲ್ಲಿ ಗಂಟೆಗೆ ಹೊಲಿಯಬೇಕಾದ ಪೀಸು ಏರುತ್ತಿತ್ತು. ಹೊತ್ತು ಉಳಿಸಲು, ಸಾಲಾಗಿ ಕೂತು ಹೊಲಿಯುವ ಹೆಂಗಸರಿಗೆ ಒಂದು ಲೈನಿಗೆ ಒಂದೇ ಟೋಕನ್; ಅದು ಕೈಗೆ ಬಂದರಷ್ಟೇ ಟಾಯ್ಲೆಟ್‌ಗೆ ಹೋಗಬಹುದು. ಆ ಕಷ್ಟಕ್ಕೆ ಅವರು ನೀರು ಕುಡಿಯುವುದನ್ನೇ ಬಿಟ್ಟಿದ್ದರು. ನಮ್ಮ ಯೂನಿಯನ್ನಿನವರು ಆ ದೇಶದ ಸಂಘಟನೆಗಳಿಗೆ ಬರೆದರು. ಅಲ್ಲಿ ಜನ ಅಂಗಡಿಗಳ ಮುಂದೆ ನಿಂತು ಕೂಗಿದರಂತೆ. ಆಮೇಲೆ ಆ ಕಂಪನಿ ವಿಚಾರಣೆಗೆ ಬೆಂಗಳೂರಿನ ತನ್ನ ಆಫೀಸಿನಿಂದ ಒಬ್ಬ ಹುಡುಗಿಯನ್ನು ಕಳಿಸಿತು.

ಹಿಂದಿನ ದಿನ, ಕಾಲರ್ ಹೊಲಿಯುವ ಹೆಂಗಸೊಬ್ಬಳು ನನ್ನ ಟೇಬಲ್ಲಿಗೆ ಬಂದಳು. ಗೋವಿಂದರಾಜನಗರದಿಂದ ಒಂದೇ ಬಸ್ಸಿಗೆ ಬರುವವರು ನಾವು.

"ಅಣ್ಣ, ಟೋಕನ್ ವಿಷ್ಯ ನಾನು ಹೇಳ್ತೀನಿ. ನೀವೂ ಹೇಳಿ. ನಾನೊಬ್ಳೇ ಅಂದ್ರೆ ಜಗಳಗಂಟಿ ಅಂತಾರೆ. ಮಾಸ್ಟ್ರು ಹೇಳಿದ್ರೆ ನಂಬ್ತಾರೆ."

"ಹೇಳೋಣ ಬಿಡಮ್ಮ," ಎಂದೆ.

ವಿಚಾರಣೆಗೆ ಒಬ್ಬೊಬ್ಬರನ್ನೇ ರೂಮಿಗೆ ಕರೆದರು. ಮ್ಯಾನೇಜರ್ ಒಳಗಿರಲಿಲ್ಲ. ಹೆಸರನ್ನೂ ಬರೆದುಕೊಳ್ಳಲಿಲ್ಲ. ಆ ಹುಡುಗಿ ನನ್ನ ಹೆಬ್ಬೆರಳಿನ ಹಳೇ ಗಾಯ ನೋಡಿ, "ಅಯ್ಯೋ ಪಾಪ. ಎಷ್ಟನೇ ಕ್ಲಾಸ್ ಓದಿದೀರ? ಬೇರೆ ಕೆಲ್ಸ ಸಿಗ್ಲಿಲ್ವಾ?" ಎಂದಳು.

ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡೆ.

"ಇಲ್ಲಿ ಹೆಂಗಸರಿಗೆ ಟಾಯ್ಲೆಟ್‌ಗೆ ಹೋಗೋಕೆ ತೊಂದ್ರೆ ಇದೆಯಾ?"

"ಏನೂ ಇಲ್ಲ ಮೇಡಂ. ನಾವೇನು ಭಿಕ್ಷುಕರಾ ಪಾಪ ಅನ್ನೋಕೆ? ಮರ್ಯಾದೆಯಿಂದ ದುಡೀತೀವಿ."

ಅವಳು ಬರೆದುಕೊಂಡಳು. ಉಳಿದವರು ಹೆದರಿ ಬಾಯಿ ಬಿಡಲಿಲ್ಲ. ಟೋಕನ್ ಮಾತೆತ್ತಿದವಳು ಕಾಲರಿನವಳೊಬ್ಬಳೇ, ಹಾಗೆ ಹೇಳಿದ್ದನ್ನು ಅವಳು ಹೊರಗೆ ಬಂದು ಮುಚ್ಚಿಡಲೂ ಇಲ್ಲ. ದೂರಿನಲ್ಲಿ ಹುರುಳಿಲ್ಲ ಎಂದು ವರದಿ ಬಂತು. ಮರುವಾರ ಅವಳನ್ನು ಗೇಟಿನಲ್ಲೇ ತಡೆದರು.

ಯೂನಿಯನ್ನಿನ ನಾಲ್ಕೈದು ಹೆಂಗಸರು ಅವಳ ಜೊತೆ ಗೇಟಿನ ಮುಂದೆ ಕೂತರು. ಬೆಳಿಗ್ಗೆ ಟಿಫನ್ ಡಬ್ಬಿ ಹಿಡಿದು ಬಂದ ನನ್ನನ್ನು ನೋಡಿ ಅವಳು ಬೈಯಲಿಲ್ಲ.

"ಅವ್ರೆಲ್ಲ ಕೆಲ್ಸ ಹೋಗತ್ತೆ ಅಂತ ಹೆದರ್ಕೊಂಡ್ರು, ಪರ್ವಾಗಿಲ್ಲ. ನಿಮಗೇನಾಗಿತ್ತಣ್ಣ?"

ಚಿಕ್ಕ ಹುಡುಗಿಯೊಬ್ಬಳು ಪಾಪ ಅಂದದ್ದು ತಡೆಯಲಾಗಲಿಲ್ಲ ಎಂದು, ದಿನವಿಡೀ ನೀರು ಕುಡಿಯದೆ ಹೊಲಿದವಳಿಗೆ ಹೇಗೆ ಹೇಳಲಿ? ಮೇಲಿನವರ ಎದುರು ತಲೆ ಬಾಗಿಸುವುದಿಲ್ಲ ಎಂದುಕೊಂಡೇ ನಾನು ಅವರ ಕೆಲಸ ಮಾಡಿಕೊಟ್ಟಿದ್ದೆ.

ಅವಳು ಸ್ವಲ್ಪ ಸರಿದು, ಹಾಸಿದ ಪೇಪರಿನ ಮೇಲೆ ನನಗೂ ಜಾಗ ಮಾಡಿದಳು. ಸೈರನ್ ಕೂಗಿತು. ನಾನು ಒಳಗೆ ಹೋಗಿ ಕಾರ್ಡ್ ಪಂಚ್ ಮಾಡಿದೆ.