ಮಂಡಿಯ ಕೆಳಗಿನ ಹುಣಸೆ ಬೀಜ

ನನ್ನ ಬಾಯಿ ಸ್ವಲ್ಪ ಜೋರು. ಕಾಂಪೌಂಡಿನಾಚೆ ಮೇಯುವ ಎಮ್ಮೆಗಳಿಗೂ ಮಗ್ಗಿ ಬಾಯಿಪಾಠವಾಗಿದೆ ಎಂದು ನಮ್ಮ ಹೆಡ್‌ಮೇಷ್ಟ್ರು ಹಂಗಿಸುತ್ತಾರೆ. ಕಿಬ್ಬನಹಳ್ಳಿಯಿಂದ ಒಳಗಿರುವ ಹಳ್ಳಿಯೊಂದರಲ್ಲಿ ನಾನು ನಲಿಕಲಿ ಟೀಚರು. ಹುಣಸೆ ಬೀಜ, ಬೆಣಚು ಕಲ್ಲು, ತೆಂಗಿನ ಗರಿಯ ಕಡ್ಡಿ, ಇವೇ ನಮ್ಮ ಗಣಿತ. ಮಕ್ಕಳು ಗುಂಪಾಗಿ ಕೂರುತ್ತಾರೆ. ಗುಂಪಿಗೆ ನಾವು ತಟ್ಟೆ ಎನ್ನುತ್ತೇವೆ. ಕಲಿತ ಮಗು ಮುಂದಿನ ತಟ್ಟೆಗೆ ಹೋಗುತ್ತದೆ.

ಮೊದಲ ತಟ್ಟೆಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳಿದ್ದಳು. ಅವಳ ಪಕ್ಕದ ಮನೆಯ ಗೆಳತಿ ದಸರಾ ರಜೆಗೆ ಮುಂಚೆಯೇ ಕಿಟಕಿ ಪಕ್ಕದ ತಟ್ಟೆಗೆ ಹೋಗಿಬಿಟ್ಟಿದ್ದಳು. ಇವಳಿಗೆ ಅದೊಂದೇ ಧ್ಯಾನ. ದಿನಾ ನನ್ನ ಸೆರಗು ಜಗ್ಗುತ್ತಿದ್ದಳು.

"ಮಿಸ್, ನಾನ್ಯಾವಾಗ ಅಲ್ಲಿಗೆ ಹೋಗದು?"

ಹೋಗಬೇಕಾದರೆ ಕೊಟ್ಟ ಬೀಜಗಳಲ್ಲಿ ಹತ್ತರ ಗುಡ್ಡೆ ಮಾಡಿ, ಎಷ್ಟು ಹತ್ತು, ಎಷ್ಟು ಬಿಡಿ ಎಂದು ಹೇಳಬೇಕು. ಮೂವತ್ನಾಲ್ಕು ಕೊಟ್ಟೆ. "ಮೂರು ಹತ್ತು, ಒಂದು ಬಿಡಿ" ಎಂದಳು. ಮರುದಿನ ಇಪ್ಪತ್ತೈದು ಕೊಟ್ಟೆ. "ಎರಡು ಹತ್ತು, ಮೂರು ಬಿಡಿ." ಮಿಕ್ಕ ಬೀಜ ಎಲ್ಲಿಗೆ ಹೋದವು? ಎಬ್ಬಿಸಿ ನೋಡಿದರೆ ಮಂಡಿಯ ಕೆಳಗೆ ಎರಡು ಬೀಜ!

"ಅದು ಗುರುತು ಮಿಸ್…"

"ಗುರುತೂ ಇಲ್ಲ, ಗಿರುತೂ ಇಲ್ಲ. ಕಳ್ಳಿ!" ಎಂದುಬಿಟ್ಟೆ.

ಅವಳು ಎರಡು ದಿನ ಶಾಲೆಗೆ ಬರಲಿಲ್ಲ. ಎರಡನೇ ದಿನ ಸಂಜೆ ಅವರ ಮನೆಗೆ ಹೊರಟೆ.

ಅಂಗಳದಲ್ಲಿ ಅವಳ ತಾತ ತೆಂಗಿನಕಾಯಿ ಎಣಿಸುತ್ತಿದ್ದರು. "ಲಾಭ, ಎರಡು, ಮೂರು…" ಎಂದು, ಒಂದು ಎನ್ನದೆ ಲಾಭ ಎಂದೇ ಶುರುಮಾಡಿ, ಒಂದೊಂದನ್ನೇ ಆಚೆ ಎಸೆಯುತ್ತಾ ನೂರು ಮುಟ್ಟಿಸಿದರು. "ನೂರಾಯ್ತು, ಗುರುತು!" ಎಂದು ಕೂಗಿದರು. ರಾಶಿಯ ಪಕ್ಕ ಕೂತಿದ್ದ ಹುಡುಗಿ ಒಂದು ಕಾಯಿ ಎತ್ತಿ, ತನ್ನ ಬೆನ್ನ ಹಿಂದೆ ಇಟ್ಟುಕೊಂಡಳು. ಅಲ್ಲಿ ಆಗಲೇ ನಾಲ್ಕಿದ್ದವು. ನಾನು ಕಂಬದ ಹಾಗೆ ನಿಂತೆ. ತಿಪಟೂರು ಪೇಟೆಯಲ್ಲಿ ಹುಟ್ಟಿ ಬೆಳೆದು, ದಿನಾ ಕಾಯಿ ತುರಿದವಳು ನಾನು. ಎಣಿಸುವುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ.

"ಬನ್ನಿ ಟೀಚರಮ್ಮ" ಎಂದರು ತಾತ. "ನೂರಕ್ಕೊಂದು ಗುರುತು ತೆಗೆದಿಡ್ತೀವಿ. ಅದು ಆ ನೂರಕ್ಕೆ ಸೇರಾಕಿಲ್ಲ. ಎಣಿಸೋನಿಗೆ ಮರ್ತೋಯ್ತದೆ ನೋಡಿ, ಅದಕ್ಕೆ. ಗುರುತು ಕಾಯೋದು ಇವಳ ಕೆಲ್ಸ. ದೊಡ್ಡೋರ್ನ ಯಾರನ್ನೂ ನಂಬಾಕಿಲ್ಲ ನಾನು."

ಹತ್ತಕ್ಕೊಂದು ಬೀಜ ಗುರುತಿಗೆ ತೆಗೆದಿಟ್ಟವಳನ್ನು, ಇಡೀ ಮನೆ ನಂಬಿದ ಮಗುವನ್ನು ನಾನು ಕಳ್ಳಿ ಎಂದಿದ್ದೆ. ನಾಚಿಕೆಯಿಂದ ಕುಗ್ಗಿಹೋದೆ. ಅಲ್ಲೇ ಮಣ್ಣಿನ ಮೇಲೆ ಕೂತು, "ತಪ್ಪು ನಂದು ಕಣೇ. ನಾಳೆ ಬತ್ತೀಯಾ?" ಎಂದೆ. ಅವಳು ಮುಂದಿನ ನೂರಕ್ಕೆ ಕಾಯುತ್ತಿದ್ದಳು.

ಬಂದಳು. ಎಲ್ಲರ ಎದುರಿಗೇ ಮತ್ತೆ ತಪ್ಪೊಪ್ಪಿಕೊಂಡೆ. ಮೂವತ್ನಾಲ್ಕು ಬೀಜ ಕೊಟ್ಟು, ಪಕ್ಕದಲ್ಲಿ ಒಂದಿಷ್ಟು ಬೆಣಚು ಕಲ್ಲಿಟ್ಟು, "ಗುರುತಿಗೆ ಇವನ್ನ ಇಟ್ಕೊ" ಎಂದೆ. ಅವಳ ಬೆರಳು ಓಡಿದವು. "ಲಾಭ, ಎರಡು…" ಹತ್ತಾದಾಗಲೆಲ್ಲ ಒಂದು ಕಲ್ಲು.

"ಮೂರು ಗುರುತು, ನಾಕು ಬಿಡಿ. ಮೂವತ್ನಾಕು!"

"ನಡಿ ಮತ್ತೆ, ಕಿಟಕಿ ಪಕ್ಕಕ್ಕೆ!" ಎಂದೆ. ಸ್ಲೇಟನ್ನು ತಲೆಯ ಮೇಲಿಟ್ಟುಕೊಂಡು ಓಡಿದಳು. ಗೆಳತಿ ಸರಿದು ಜಾಗ ಕೊಟ್ಟಳು. ಆಮೇಲೆ ನೋಡಬೇಕಿತ್ತು! ಎಲ್ಲರಿಗೂ ಕಲ್ಲು ಬೇಕು, ಎಲ್ಲರೂ "ಲಾಭ"ದಿಂದಲೇ ಶುರು, ಹತ್ತು ಮುಟ್ಟಿದವರೆಲ್ಲ "ಗುರುತು!" ಎಂದು ಕಿರುಚುವವರೇ. ಹೆಡ್‌ಮೇಷ್ಟ್ರು ಓಡಿ ಬಂದು, "ಏನ್ರೀ ಇದು, ಕಾಯಿ ಮಂಡಿನಾ?" ಎಂದರು. "ಹೂಂ ಸಾರ್, ಕೂತ್ಕೊಳಿ, ನೀವೂ ಎಣಿಸಿ" ಎಂದೆ. ಪುಣ್ಯಾತ್ಮರು ಕೂತೇಬಿಟ್ಟರು.

ಬೆಲ್ ಹೊಡೆದ ಮೇಲೆ ಆ ಎರಡು ಜಡೆಯವಳು ಹತ್ತಿರ ಬಂದು ನನ್ನ ಅಂಗೈಯಲ್ಲಿ ಒಂದು ಬೆಣಚು ಕಲ್ಲಿಟ್ಟಳು.

"ಇದ್ಯಾಕೆ ನಂಗೆ?"

"ಮಡಿಕ್ಕಳಿ ಮಿಸ್. ನಿಮ್ಗೂ ಮರ್ತೋಯ್ತದೆ."