ಊದಲು ಬಾರದವನು

ಅರವತ್ತರ ದಶಕದ ಆರಂಭದಲ್ಲಿ ನಾನು ದಾಂಡೇಲಿಯ ಒಂದು ಕಟ್ಟಿಗೆ ಕಾರ್ಖಾನೆಯ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ಶ್ವಾಸಕೋಶದ ಬಲ ಅಳೆಯುವ ಹೊಸ ಯಂತ್ರ ಬಂದಿತ್ತು. ಕೊಳವೆಯಲ್ಲಿ ಊದಿದರೆ ಲೇಖನಿ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಅದನ್ನು ನನಗೂ ಕಂಪೌಂಡರನಿಗೂ ಕಲಿಸಲು ಹುಬ್ಬಳ್ಳಿ ಕಡೆಯ ಡಾಕ್ಟರೊಬ್ಬರು ಬಂದರು.

ಕಲಿಯಲು ಊದುವವನೊಬ್ಬ ಬೇಕಲ್ಲ. ಕೆಮ್ಮಿನ ಔಷಧಿಗಾಗಿ ಹೊರಗೆ ಕುಳಿತಿದ್ದ ಕೂಲಿಯವನನ್ನು ಒಳಗೆ ಕರೆದರು. ಹಳಿಯಾಳದ ಕಾಡಿನ ಕಡೆಯ ಸಿದ್ದಿ ಜನಾಂಗದವನು. ಕಟ್ಟಿಗೆಯ ಹೊಟ್ಟು ಚೀಲಕ್ಕೆ ತುಂಬುವುದು ಅವನ ಕೆಲಸ. ಕಂಪೌಂಡರ ಮೂರು ಸಲ ಊದಿಸಿದ. ನಾನು ಮೂರು ಸಲ ಊದಿಸಿದೆ. ನನ್ನ ಕಾಗದದಲ್ಲಿ ಮಸಿ ಹರಡಿತ್ತು, ಡಾಕ್ಟರು ಮತ್ತೆ ಮಾಡಿಸು ಎಂದರು.

"ಅಕ್ಕಾರ, ಎದಿ ಹಿಡಕೊಂಡೈತ್ರಿ. ಸ್ವಲ್ಪ ಕೂಡ್ತೇನ್ರಿ," ಎಂದ ಅವನು. ತುಟಿ ಕಪ್ಪಿಟ್ಟಿತ್ತು. ನನಗೆ ಡಾಕ್ಟರ ಎದುರು ಭೇಷ್ ಅನ್ನಿಸಿಕೊಳ್ಳಬೇಕಿತ್ತು. ಮೂಗಿನಿಂದ ಗಾಳಿ ಹೋಗದಂತೆ ಅವನಿಗೆ ಮತ್ತೆ ಚಿಮಟಿ ಹಾಕಿ, "ಊದು," ಎಂದೆ. ಊದಿದ. ಕೆಮ್ಮುತ್ತ ನೆಲಕ್ಕೆ ಕುಸಿದ.

ಗೆರೆಗಳೆಲ್ಲ ಅರ್ಧಕ್ಕೇ ನಿಂತಿದ್ದವು. ಡಾಕ್ಟರು ನಕ್ಕರು. "ಕಾಡಿನ ಮಂದಿ, ಎತ್ತಿನಂಥಾ ಎದಿ ಇರತೈತಿ. ಬೇಕಂತನ ಊದವೊಲ್ಲ, ಸೂಟಿ ಬೇಕಾಗೇತಿ. ಬರಕೊ ಸಿಸ್ಟರ್, ಪ್ರಯತ್ನ ಸಾಲದು."

ಬೇಕೆಂದೇ ಸರಿಯಾಗಿ ಊದದವನ ಗೆರೆ ಒಂದೊಂದು ಸಲ ಒಂದೊಂದು ಥರ ಬರುತ್ತದೆಂದು ಆ ದಿನ ಬೆಳಿಗ್ಗೆ ಅವರೇ ಹೇಳಿಕೊಟ್ಟಿದ್ದರು. ಇವನ ಗೆರೆಗಳು ಒಂದರ ಮೇಲೊಂದು ಇಟ್ಟಂತೆ ಕೂಡುತ್ತಿದ್ದವು. ನನಗದು ಕಂಡಿತ್ತು. ಆದರೂ ದುಂಡಗೆ ಬರೆದೆ. ಅಕ್ಷರ ಚೆನ್ನಾಗಿದೆ ಎಂದರು.

ಅವನನ್ನು ಅದೇ ಹೊಟ್ಟು ತುಂಬುವ ಕೆಲಸಕ್ಕೆ ಕಳಿಸಿದರು. ಮಳೆಗಾಲ ಮುಗಿಯುವ ಮೊದಲೇ ಚೀಲಗಳ ನಡುವೆ ಬಿದ್ದು ಸತ್ತ.

ವಾರದ ಮೇಲೆ ಅವನ ಹೆಂಡತಿ ಬಂದಳು. ದುಡ್ಡು ಕೇಳಲು ಬಂದಳೆಂದುಕೊಂಡೆ. ಅವಳು ಬಾಗಿಲಲ್ಲೇ ನಿಂತು ಕೇಳಿದಳು, "ಅಕ್ಕಾರ, ನನ್ನ ಗಂಡ ಛಲೋ ಊದ್ಲಿಲ್ಲಂತ, ಖರೇ ಏನ್ರಿ? ಮುಂದಿನ ಸಲ ಡಾಕ್ಟರ್ ಸಾಹೇಬ್ರ ಮುಂದ ಛಲೋ ಊದಬೇಕಂತ, ಒಲಿ ಊದೂ ಕೊಳವಿ ಹಿಡಕೊಂಡು ದಿನಾ ರೂಢಿ ಮಾಡ್ತಿದ್ದರಿ. ದಮ್ಮು ಹತ್ತಿದ್ರೂ ಬಿಡ್ತಿರಲಿಲ್ಲ."

ಕಂಪೌಂಡರ ನನ್ನ ಮುಖ ನೋಡಿದ. ಇಲ್ಲ ಎಂದರೆ ನಾನು ಬರೆದದ್ದು ಸುಳ್ಳಾಗುತ್ತಿತ್ತು.

"ಹೌದವ್ವಾ, ಛಲೋ ಊದ್ಲಿಲ್ಲ," ಎಂದೆ.

"ತಪ್ಪಾತ್ರಿ," ಎಂದು ಅವಳು ಗಂಡನ ಪರವಾಗಿ ನನಗೆ ಕೈಮುಗಿದು ಹೋದಳು.